ಡಾಲಿ ಹಿಡಿದವಳು

ಮಧ್ಯಾಹ್ನ ಮೂರಕ್ಕೆ ಹಿಡಿದ ಮಳೆ ಐದಾದರೂ ಬಿಟ್ಟಿರಲಿಲ್ಲ. ಕರೆಂಟು ಮಾತ್ರ ಮೂರೂಕಾಲಿಗೇ ಕೈಕೊಟ್ಟಿತ್ತು. ಹಾಗಾಗಿ ವೆಲ್ಡರಮ್ಮನ ಕೈಯಲ್ಲಿದ್ದ ಕೊಯ್ಯುವ ಗ್ರೈಂಡರು ತಗಡಿಗೆ ಇನ್ನೇನು ತಾಗಬೇಕು ಅನ್ನುವಷ್ಟರಲ್ಲಿ ಗೊರ್ರೆಂದು ಉಸಿರು ಬಿಟ್ಟು ಸುಮ್ಮನಾಯಿತು. ಅವಳು ಈ ಗ್ಯಾರೇಜಿಗೆ ಸೇರಿ ಎರಡು ತಿಂಗಳು. ಬೆಳಗ್ಗೆ ಯಜಮಾನ ಬಂದು, "ಮೂಲೆಯಲ್ಲಿ ಟಾರ್ಪಾಲು ಹೊದ್ದು ಕೂತಿದೆಯಲ್ಲ, ಆ ಗಾಡಿ ಇವತ್ತು ತುಂಡು ಮಾಡಿಬಿಡಮ್ಮ, ಗುಜರಿಯವನು ನಾಳೆ ಬರ್ತಾನೆ, ನನಗೆ ಜಾಗ ಬೇಕು" ಅಂದಿದ್ದ. ಅವಳು ಟಾರ್ಪಾಲು ಎಳೆದು, ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಕೊಯ್ಯುವ ಗೆರೆಯನ್ನೂ ಎಳೆದಾಗಿತ್ತು.

ಗಾಡಿ ಅಂದರೆ ಅಂಥಿಂಥ ಗಾಡಿಯಲ್ಲ. ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡ ಪುಂಡನ ಹಾಗೆ ಚಾವಣಿ ತಗ್ಗಿತ್ತು, ಮೂತಿ ಉದ್ದ, ಹಿಂದಿನ ಚಕ್ರಗಳ ಮೇಲೆ ತಗಡು ತೊಡೆಯ ಹಾಗೆ ಉಬ್ಬಿತ್ತು. ಬಣ್ಣವೇ ಕಂಡಿರಲಿಲ್ಲ, ಮೈತುಂಬಾ ಬೂದಿಬಣ್ಣದ ಪ್ರೈಮರ್ ಅಷ್ಟೇ. ಗ್ಯಾರೇಜಿನ ಮೇಲಿನ ಶೀಟಿನ ಒಂದು ಮೊಳೆತೂತಿನಿಂದ ಮಳೆನೀರು ತೊಟ್ಟು ತೊಟ್ಟಾಗಿ ಆ ಬಲಗಡೆಯ ಉಬ್ಬಿನ ಮೇಲೆ ಬೀಳುತ್ತಿತ್ತು. ಟಿಣ್... ಸ್ವಲ್ಪ ಬಿಟ್ಟು ಮತ್ತೆ, ಟಿಣ್.

ಟೈರಿನವನು ಟ್ಯೂಬಿನ ರಾಶಿಯ ಮೇಲೆ ಕೂತು ಬೀದಿ ನೋಡುತ್ತಿದ್ದ. "ಅಕ್ಕ, ಈ ಮಳೆಗೆ ಮನೆಗೆ ಹೋಗೋಕೆ ನನ್ನ ಟ್ಯೂಬೇ ಗತಿ. ನಿಮಗೂ ಒಂದು ಊದಿ ಕೊಡ್ಲಾ?" ಅಂದ.

"ನೀನು ಬಾಯಿಂದಲೇ ಊದ್ತೀಯಾ ಬಿಡು, ಗಾಳಿಗೇನು ಕಮ್ಮಿ!"

ಆಗ ಒಳಗೆ ಬಂದವನು ಪೇಂಟರಜ್ಜ. ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಮಳೆ ಬಂದ ದಿನ ಮಾತ್ರ ತಪ್ಪದೆ ಬರುತ್ತಿದ್ದ; ಯಾಕೆ ಅಂತ ಯಾರೂ ಕೇಳಿರಲಿಲ್ಲ. ಕೊಡೆ ಮಡಚಿದವನು ಬೆತ್ತಲೆ ನಿಂತ ಗಾಡಿ ನೋಡಿದ, ಸೀಮೆಸುಣ್ಣದ ಗೆರೆ ನೋಡಿದ, ವೆಲ್ಡರಮ್ಮನ ತೊಡೆಯ ಮೇಲಿದ್ದ ಗ್ರೈಂಡರನ್ನೂ ನೋಡಿದ. ಮುಖ ಸುಣ್ಣದಂತಾಯಿತು.

"ಇನ್ನೂ ಕೊಯ್ದಿಲ್ಲ ತಾನೇ?"

"ಇಲ್ಲ ಅಜ್ಜ. ಕರೆಂಟ್ ಬಂದ ತಕ್ಷಣ."

"ಹಾಗಾದ್ರೆ ಕರೆಂಟು ಬರೋವರೆಗೆ ಒಂದು ಕತೆ ಕೇಳ್ತೀಯಾ ತಾಯಿ? ಕೇಳಿ ಆಮೇಲೆ ನಿನ್ನಿಷ್ಟ." ಅಜ್ಜ ಸ್ಟೂಲು ಎಳೆದುಕೊಂಡು ಗಾಡಿಗೆ ಎದುರಾಗಿ ಕೂತ. "ಲೋ ಟೈರು, ನೀನು ಹೂಂ ಅನ್ನಬೇಕು. ಹೂಂಗುಟ್ಟೋರಿಲ್ಲದ ಕತೆ, ಡಾಲಿ ಇಲ್ಲದ ಸುತ್ತಿಗೆ, ಎರಡೂ ಒಂದೇ."

"ಹೂಂ" ಅಂದ ಟೈರಿನವನು, ನಕ್ಕು.

ಟಿಣ್.

"ಆ ಗಾಡಿ ಮಾಡಿದೋನು ಟಿಂಕರಣ್ಣ. ಈ ಜಾಗದಲ್ಲೇ ಇಪ್ಪತ್ತೆಂಟು ವರ್ಷ ಕೂತು ಊರೋರ ಕಾರಿನ ತಗ್ಗು ತೆಗೆದೋನು. ಇದ್ದಕ್ಕಿದ್ದಂಗೆ ಒಂದು ದಿನ ಗುಜರಿಯಿಂದ ಒಂದು ಹಳೇ ಕಾರಿನ ಅಸ್ಥಿಪಂಜರ ಎಳಕೊಂಡು ಬಂದ. ಏನಣ್ಣಾ ಇದು ಅಂದೆ. 'ನೋಡು ಪೇಂಟರ್ರೇ, ಜೀವಮಾನವಿಡೀ ಬೇರೆಯವರ ಗಾಡಿನ ಮೊದಲಿದ್ದ ಹಾಗೆ ಮಾಡಿಕೊಟ್ಟಿದ್ದಾಯ್ತು. ಒಂದನ್ನಾದ್ರೂ ಮೊದಲು ಎಲ್ಲೂ ಇಲ್ಲದ ಹಾಗೆ ಮಾಡಿ, ನನ್ನ ಹೆಂಡ್ತಿನ ಪಕ್ಕದಲ್ಲಿ ಕೂರಿಸ್ಕೊಂಡು ಸೊಂಯ್ ಅಂತ ಹೋಗ್ತೀನಿ' ಅಂದ. ಅತ್ತಿಗೆ ಹಿಂದೇನೇ ನಿಂತಿದ್ರು. ಅತ್ತಿಗೆ ಅಂದ್ರೆ ಅವನ ಹೆಂಡ್ತಿ, ನನಗೆ ಬಾಯಿಮಾತಿನ ಅತ್ತಿಗೆ. 'ಸೊಂಯ್ ಅಂತ ಆಮೇಲೆ ಹೋಗೋಣ, ಮೊದಲು ಬಚ್ಚಲಮನೆ ಬಾಗಿಲು ಕೊಂಯ್ ಅನ್ನೋದು ನಿಲ್ಲಿಸಿ' ಅಂದ್ರು. ಹಾಗಿದ್ರು ಅವರು! ಮಾತಿಗೆ ಮಾತು, ಏಟಿಗೆ ಏಟು.

"ಏಟಿಗೆ ಏಟು ಅಂದ್ನಲ್ಲ, ಅದು ಬರೀ ಮಾತಲ್ಲ ಕಣ್ರೋ. ತಗಡಿನ ಕೆಲಸ ಒಬ್ಬರದಲ್ಲ. ಹೊರಗಡೆಯಿಂದ ಒಬ್ಬ ಸುತ್ತಿಗೆಯಲ್ಲಿ ಹೊಡೀಬೇಕು, ಒಳಗಡೆಯಿಂದ ಇನ್ನೊಬ್ಬರು ಅದೇ ಜಾಗಕ್ಕೆ ಸರಿಯಾಗಿ ಡಾಲಿ ಒತ್ತಿ ಹಿಡೀಬೇಕು. ಡಾಲಿ ಅಂದ್ರೆ ಏನಂದ್ಕೊಂಡೆ? ಸವೆದ ಸೋಪಿನ ಹಾಗೆ ಅಂಗೈಗೆ ಕೂರೋ ಒಂದು ಕಬ್ಬಿಣದ ಗಟ್ಟಿ, ಅಷ್ಟೇ. ಒಳಗೆ ಡಾಲಿ ಇದ್ರೆ ಏಟು ಟಿಣ್ ಅನ್ನುತ್ತೆ. ಇಲ್ಲದಿದ್ರೆ ಡಬ್ ಅನ್ನುತ್ತೆ, ಹಳೇ ಡಬ್ಬದ ತರ. ಟಿಣ್ ಅಂದ್ರೆ ತಗಡು ನುಣ್ಣಗಾಗ್ತಿದೆ ಅಂತ. ಡಬ್ ಅಂದ್ರೆ ತಗ್ಗಾಯ್ತು, ಕೆಲಸ ಕೆಟ್ಟಿತು ಅಂತ. ಹೌದೋ ಅಲ್ವೋ ತಾಯಿ?"

ವೆಲ್ಡರಮ್ಮ ಹೌದೆಂದು ತಲೆಯಾಡಿಸಿದಳು. ಅಷ್ಟು ಅವಳಿಗೂ ಗೊತ್ತಿತ್ತು.

"ಟಿಂಕರಣ್ಣನಿಗೆ ಡಾಲಿ ಹಿಡಿಯೋರು ಅತ್ತಿಗೆ. ಮದುವೆಯಾದ ಹೊಸದರಲ್ಲಿ ಊಟದ ಡಬ್ಬಿ ಕೊಡೋಕೆ ಬಂದೋರು, ಯಾರೋ ಕೆಲಸಕ್ಕೆ ಬಂದಿಲ್ಲ ಅಂತ ಒಂದು ದಿನ ಒಳಗೆ ಕೂತು ಹಿಡಿದ್ರು... ಆಮೇಲೆ ಆ ಜಾಗಕ್ಕೆ ಇನ್ನೊಬ್ಬರು ಬರಲೇ ಇಲ್ಲ. ಒಳಗೆ ಅವರ ಮುಖ ಇವನಿಗೆ ಕಾಣಲ್ಲ, ಇವನದು ಅವರಿಗೆ ಕಾಣಲ್ಲ. ಆದ್ರೂ ಸುತ್ತಿಗೆ ಎಲ್ಲಿ ಬೀಳುತ್ತೆ ಅಂತ ಅವರ ಕೈಗೆ ಮೊದಲೇ ಗೊತ್ತಿರೋದು! ಏಟು ಸರಿಯಾಗಿ ಕೂತರೆ ಒಳಗಿಂದ 'ಹೂಂ' ಅನ್ನೋರು. ಜಾಗ ತಪ್ಪಿದ್ರೆ 'ಉಹೂಂ'. ಇಡೀ ದಿನ ಅದೇ ಸಂಸಾರ... ಟಿಣ್, ಹೂಂ. ಟಿಣ್, ಹೂಂ. ಟಿಣ್, ಉಹೂಂ, ಇನ್ನೂ ಒಂದು ಬೆರಳು ಕೆಳಗೆ ಹೊಡೀರೀ, ಕಣ್ಣೆಲ್ಲಿದೆ.

"ಇನ್ನೊಂದು ಕಟ್ಟಳೆ. ಇದನ್ನ ನೆನಪಿಟ್ಕೊಳ್ಳಿ. ಹೊಡೆಯೋನು 'ಸಾಕು' ಅನ್ನೋವರೆಗೆ ಹಿಡಿದೋರು ಕೈ ತೆಗೀಬಾರದು. ಮಧ್ಯದಲ್ಲಿ ತೆಗೆದ್ರೆ ತಗಡು ಹಿಗ್ಗಿಹೋಗುತ್ತೆ, ಮತ್ತೆ ಸರಿ ಮಾಡೋಕೆ ದೇವರೇ ಇಳಿದು ಬರಬೇಕು. 'ಸಾಕು' ಅಂದ ಮೇಲೇ ಡಾಲಿ ಕೆಳಗಿಡಬೇಕು. ತಿಳೀತಾ?"

"ಹೂಂ" ಅಂದ ಟೈರಿನವನು.

"ಆ ಗಾಡಿ ಮೇಲೆ ಅವರು ಮೂರು ವರ್ಷ ಬಿದ್ದುಕೊಂಡ್ರು. ಬೆಳಗ್ಗೆಯಿಂದ ಊರೋರ ಕೆಲಸ, ನಾಲ್ಕರ ಮೇಲೆ ಇದು. ಚಾವಣಿ ಕೊಯ್ದು ತಗ್ಗಿಸೋ ದಿನ ಅತ್ತಿಗೆನ ಒಳಗೆ ಕೂರಿಸಿ ಅಳತೆ ತಗೊಂಡ. ಎಷ್ಟು ತಗ್ಗಿಸ್ಲೇ ಅಂದ್ರೆ, 'ನನ್ನ ತುರುಬಿಗೆ ನಾಲ್ಕು ಬೆರಳು ಜಾಗ ಬಿಟ್ಟು ಮಿಕ್ಕಿದ್ದು ಏನಾದ್ರೂ ಮಾಡ್ಕೊಳ್ಳಿ' ಅಂದ್ರು. ಹಾಗೇ ಕೊಯ್ದ. ಚಾವಣಿ ಹೊತ್ತ ಮುಂದಿನ ಎರಡು ಕಂಬ ಸರಿಯಾಗಿ ಕೂತವು, ಹಿಂದಿನವು ಓರೆ ನೋಡಿ, ತಗ್ಗಿಸಿದ್ರೆ ಕೂಡೋದೇ ಇಲ್ಲ. ಚಾವಣಿ ಮಧ್ಯಕ್ಕೆ ಅಡ್ಡ ಸೀಳಿ ಒಂದು ಪಟ್ಟಿ ತಗಡು ಸೇರಿಸಿ ಉದ್ದ ಮಾಡಿದ. ಎಣ್ಣೆ ಪೀಪಾಯಿ ಬಿಡಿಸಿ ಮಡ್‌ಗಾರ್ಡ್ ಅಗಲ ಮಾಡಿದ. ಬಾಗಿಲಿನ ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಸಮ ಬರೋಕೆ ಬಾಗಿಲನ್ನ ನಲವತ್ತು ಸಲ ತೆಗೆದು ಹಾಕಿದ. ನಾನು ಬಣ್ಣ ಕಲೆಸಿ ಕಾಯ್ತಾ ಕೂತೆ. ಯಾವ ಬಣ್ಣ ಗೊತ್ತಾ? ಅತ್ತಿಗೆ ಹೇಳಿದ್ದು... ಮಾಗಿದ ನೇರಳೆ ಹಣ್ಣಿನದು.

"ಕೊನೆಗೆ ಉಳಿದಿದ್ದು ಆ ಬಲಗಡೆ ಪಕ್ಕೆ. ಬಾಗಿಲ ಹಿಂದಿನಿಂದ ಚಕ್ರದ ಮೇಲೆ ಉಬ್ಬಿ ಹೋಗುತ್ತಲ್ಲ, ಅದು. ನೀನು ಗೆರೆ ಎಳೆದಿದ್ದೀಯಲ್ಲ ತಾಯಿ, ಅದೇ."

ವೆಲ್ಡರಮ್ಮ ತನ್ನ ಬೆರಳಿಗಂಟಿದ್ದ ಸೀಮೆಸುಣ್ಣವನ್ನು ಪ್ಯಾಂಟಿಗೆ ಒರೆಸಿಕೊಂಡಳು. ಟಿಣ್, ಅಂದಿತು ಹನಿ.

"ಅಷ್ಟೊತ್ತಿಗೆ ಎರಡು ವಿಷಯ ಆಗಿತ್ತು. ಒಂದು, ಮೂವತ್ತು ವರ್ಷದ ಮೇಲೆ ತಗಡು ಬಡಿದು ಬಡಿದು ಟಿಂಕರಣ್ಣನ ಕಿವಿ ಹೋಗ್ತಾ ಬಂದಿತ್ತು. ಎಡಗಿವಿ ಪೂರ್ತಿ, ಬಲಗಿವಿ ಅರ್ಧ. ಇನ್ನೊಂದು, ಅತ್ತಿಗೆಗೆ ಮೆಟ್ಟಿಲು ಹತ್ತಿದ್ರೆ ಎದೆ ಹಿಡ್ಕೊಳ್ಳೋದು. ಡಾಕ್ಟ್ರು ಭಾರ ಎತ್ತಬೇಡಿ ಅಂದಿದ್ರಂತೆ. ಗಂಡನಿಗೆ ಹೇಳಿದ್ರಾ? ಎಲ್ಲಿ ಹೇಳ್ತಾರೆ! ಪಕ್ಕೆ ಒಂದು ಮುಗೀಲಿ, ಆಮೇಲೆ ಹೇಳೋಣ ಅಂದ್ಕೊಂಡಿರಬೇಕು.

"ಆವತ್ತೂ ಇಂಥದ್ದೇ ಮಳೆ. ಇದೇ ಹೊತ್ತು. ನಾನು ಅಲ್ಲಿ, ಆ ಟ್ಯೂಬಿನ ರಾಶಿ ಇದೆಯಲ್ಲ, ಅಲ್ಲಿ ಕೂತು ಬಾನೆಟ್ಟಿಗೆ ಉಪ್ಪುಕಾಗದ ಉಜ್ತಿದ್ದೆ. ಅತ್ತಿಗೆ ಒಳಗೆ. ಟಿಂಕರಣ್ಣ ಹೊರಗೆ. ಪಕ್ಕೆಯಲ್ಲಿ ಒಂದು ಮೊಳದಷ್ಟು ಉಳಿದಿತ್ತು. ಅವನು ಸುತ್ತಿಗೆ ನಿಲ್ಲಿಸಿ ಕೂಗಿ ಕೇಳ್ದ, 'ಲೇ, ಆಗುತ್ತೇನೇ? ಇನ್ನೊಂದು ಸ್ವಲ್ಪ ಹೊಡೆದುಬಿಡ್ಲಾ?'

"ಒಳಗಿಂದ ಉತ್ತರ ಬಂತು... ಸಣ್ಣಗೆ... 'ಉಹೂಂ.'

"ಟಿಂಕರಣ್ಣನಿಗೆ ಕೇಳಿದ್ದು ಬರೀ 'ಹೂಂ'."

ಟೈರಿನವನು ಹೂಂ ಅನ್ನಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ.

"ನನಗೆ ಸರಿಯಾಗಿ ಕೇಳ್ತು. ನನ್ನ ಕಿವಿಗೇನಾಗಿತ್ತು ಧಾಡಿ? ಉಹೂಂ ಅಂದ್ರಲ್ಲ ಅಂತ ತಲೆ ಎತ್ತಿದೆ. ಹೇಳೋಣ ಅಂತ ಬಾಯಿಗೂ ಬಂತು. ಆದ್ರೆ... ಗಂಡ ಹೆಂಡಿರ ಮಧ್ಯೆ ನಾನ್ಯಾಕೆ ಬಾಯಿ ಹಾಕ್ಲಿ, ಏನೋ ತಮಾಷೆ ಇರಬೇಕು ಅಂತ ಸುಮ್ಮನಾದೆ. ಅಷ್ಟರಲ್ಲಿ ಅವನು ಹೊಡೆದ. ಟಿಣ್ ಅಂತು. ಓ, ಡಾಲಿ ಹಿಡಿದಿದ್ದಾರೆ, ಮನಸ್ಸು ಬದಲಾಯಿಸಿದ್ರು ಅಂದ್ಕೊಂಡು ನಾನು ಮತ್ತೆ ಉಜ್ಜೋಕೆ ಶುರು ಮಾಡ್ದೆ.

"ಒಂದು ಗಂಟೆ ಹೊಡೆದ ಕಣ್ರೋ. ಒಂದು ಏಟು ಡಬ್ ಅನ್ನಲಿಲ್ಲ. ಎಲ್ಲಾ ಟಿಣ್, ಟಿಣ್, ಟಿಣ್. ಹೂಂ ಮಾತ್ರ ಕೇಳ್ತಿರಲಿಲ್ಲ, ಆದ್ರೆ ಸುತ್ತಿಗೆ ಸದ್ದಲ್ಲಿ ಅವನಿಗೆ ಹೇಗೂ ಕೇಳಲ್ಲ, ನನಗೆ ಮಳೆ ಸದ್ದು. ಕೊನೆಗೆ ಅವನು ಕಣ್ಣು ಮುಚ್ಚಿ ಪಕ್ಕೆ ಮೇಲೆ ಅಂಗೈ ಆಡಿಸಿ, 'ನೋಡೇ, ಇಷ್ಟು ನುಣುಪು ನಾವು ಯಾವತ್ತೂ ಮಾಡಿಲ್ಲ, ಈಚೆ ಬಂದು ಮುಟ್ಟಿ ನೋಡೇ' ಅಂದ. ಬರಲಿಲ್ಲ. ಬಗ್ಗಿ ನೋಡ್ದ.

"ತಲೆ ಪಕ್ಕೆಗೆ ಒರಗಿತ್ತು. ಕೈ ಎರಡೂ ಮಡಿಲಲ್ಲಿ. ಡಾಲಿನೂ ಮಡಿಲಲ್ಲೇ. ಡಾಕ್ಟ್ರು ಬಂದ್ರು, ಮುಟ್ಟಿ ನೋಡಿದ್ರು, 'ಹೋಗಿ ಒಂದು ಗಂಟೆ ಮೇಲಾಗಿದೆಯಲ್ಲಯ್ಯಾ, ನೀವಿಬ್ರೂ ಇಲ್ಲೇ ಇದ್ದು ಏನ್ ಮಾಡ್ತಿದ್ರಿ?' ಅಂದ್ರು.

"ಏನಂತ ಹೇಳೋದು? ಆ ಒಂದು ಗಂಟೆ ಡಾಲಿ ಹಿಡಿದಿದ್ದು ಯಾರು ಅಂತ ನಾವು ಯಾರನ್ನ ಕೇಳೋದು?"

ಬೀದಿಯಲ್ಲಿ ಒಬ್ಬ ಸೈಕಲ್ಲಿನವನು ತಲೆಗೆ ಪ್ಲಾಸ್ಟಿಕ್ ಚೀಲ ಸಿಕ್ಕಿಸಿಕೊಂಡು ನೀರು ಸೀಳುತ್ತಾ ಹೋದ. ಟಿಣ್, ಎಂದಿತು. ವೆಲ್ಡರಮ್ಮ ಆ ಸದ್ದಿನ ಕಡೆ ಮೊದಲ ಸಲ ಕಣ್ಣೆತ್ತಿ ನೋಡಿದಳು.

"ಒಂದು ತಿಂಗಳು ಅವನು ಗಾಡಿ ಹತ್ರ ಬರಲಿಲ್ಲ. ಆಮೇಲೆ ಒಂದು ದಿನ ಬಂದ. ಪಕ್ಕೆಯಲ್ಲಿ ಚಕ್ರದ ಹತ್ರ ಒಂದು ಕೈಯಗಲ ಇನ್ನೂ ಉಳಿದಿದೆ, ಅವಳು ಶುರು ಮಾಡಿದ್ದು ಮುಗಿಸ್ತೀನಿ, ನೀನು ಡಾಲಿ ಹಿಡಿ ಅಂದ. ಒಳಗೆ ಕೂತು ಹಿಡಿದೆ. ಡಬ್. ಇನ್ನೂ ಒತ್ತಿ ಹಿಡಿದೆ. ಡಬ್. ನಾನು ಬ್ರಷ್ಷು ಹಿಡಿಯೋನು, ನನ್ನ ಕೈಗೆ ಅದು ಹೇಗೆ ಬರಬೇಕು? 'ಬಿಡಪ್ಪ, ಈಚೆ ಬಾ' ಅಂದ. ಈಚೆ ಬಂದೆ. ಅವನು ಸಿಟ್ಟಿಗೋ ದುಃಖಕ್ಕೋ ಬೀಸಿ ಒಂದು ಕೊಟ್ಟ ನೋಡಿ...

"ಟಿಣ್.

"ಒಳಗೆ ಯಾರೂ ಇಲ್ಲ. ಡಾಲಿ ನನ್ನ ಕೈಯಲ್ಲೇ ಇತ್ತು ಕಣ್ರೋ! ನನ್ನ ಈ ಕೈಯಲ್ಲೇ.

"ಅವನ ಮುಖ ನೋಡಬೇಕಿತ್ತು ಆಗ. ಹೆದರಿದ್ನಾ? ಹೆದರಲಿಲ್ಲ. ನಕ್ಕ! ಕಣ್ಣಲ್ಲಿ ನೀರು, ಬಾಯಲ್ಲಿ ನಗು. 'ನಾನು ಸಾಕು ಅಂದೇ ಇಲ್ಲ ಪೇಂಟರ್ರೇ. ಆವತ್ತು ಸಾಕು ಅಂತ ಹೇಳೇ ಇಲ್ಲ. ಅದಕ್ಕೇ ಹಿಡ್ಕೊಂಡಿದ್ದಾಳೆ' ಅಂದ.

"ಸರಿ, ಹೇಳಿಬಿಡಬೇಕಿತ್ತಲ್ಲ? ಹೇಳ್ತಾನಾ? ಹೇಳಿದ್ರೆ ಹೋಗ್ತಾಳಲ್ಲ! ದಿನಾ ನಾಲ್ಕು ಗಂಟೆಗೆ ಬರೋನು, ಕತ್ತಲಾಗೋವರೆಗೆ ಹೊಡೆಯೋನು. ಕಿವಿ ಪೂರ್ತಿ ಹೋಯ್ತು, ಆದ್ರೂ ಮಣಿಕಟ್ಟಿಗೆ ಗೊತ್ತಾಗೋದು ಅವನಿಗೆ, ಒಳಗೆ ಡಾಲಿ ಇದೆ ಅಂತ. ಪಕ್ಕೆ ಮುಗೀತು. ಮುಗಿದ ಮೇಲೆ ಏನ್ ಮಾಡ್ದ ಗೊತ್ತಾ? ಮನೆಗೆ ಹೋಗೋ ಮುಂಚೆ ತಾನೇ ಒಂದು ಮುಷ್ಟಿಯಷ್ಟು ತಗ್ಗು ಹೊಡೆದು ಹೋಗೋನು. ಮಾರನೇ ದಿನ ಅದನ್ನ ತೆಗೆಯೋಕೆ ಬರಬೇಕಲ್ಲ! ನಾಲ್ಕು ವರ್ಷ ಹೀಗೇ. ನಾನು ಕಲೆಸಿಟ್ಟ ಬಣ್ಣ ಡಬ್ಬದಲ್ಲೇ ಕಲ್ಲಾಯ್ತು.

"ತಗಡು ಎಷ್ಟು ಅಂತ ತಡೀತದೆ? ಬಡಿದಷ್ಟೂ ತೆಳ್ಳಗಾಗುತ್ತೆ. ಒಂದು ದಿನ ಕೂದಲೆಳೆಯಷ್ಟು ಬಿರುಕು ಬಿಡ್ತು. ಟಿಂಕರಣ್ಣ ಆ ಬಿರುಕಿನ ಮೇಲೆ ಬೆರಳಿಟ್ಟುಕೊಂಡು ಸುಮಾರು ಹೊತ್ತು ಕೂತ. ಆಮೇಲೆ, 'ಅವಳ ಕೈ ಹೇಗಾಗಿರಬೇಕು ಪೇಂಟರ್ರೇ? ತಗಡೇ ಸವೆದುಹೋಯ್ತು, ಅವಳ ಕೈ ಹೇಗಾಗಿರಬೇಕು? ನಾನೆಂಥ ಗಂಡಸು' ಅಂದ. ಸುತ್ತಿಗೆ ಕೆಳಗಿಟ್ಟ. ಪಕ್ಕೆಗೆ ಬಾಯಿ ಹಚ್ಚಿ ಹೇಳ್ದ, 'ಸಾಕು ಕಣೇ. ಸಾಕು. ಕೈ ತೆಗಿ. ಇನ್ನು ಹೋಗ್ತೀಯಾ?'

"ಹೇಳಿ ನನ್ನ ಕಡೆ ತಿರುಗಿದ. ಅವನಿಗೆ ಕಿವಿ ಇಲ್ಲವಲ್ಲ. 'ಏನಂದ್ಲು?' ಅಂದ. ನನ್ನ ತುಟಿನೇ ನೋಡ್ತಿದ್ದ, ಪರೀಕ್ಷೆ ಫಲಿತಾಂಶ ನೋಡೋನ ಹಾಗೆ."

ಅಜ್ಜ ಕೊಡೆಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಸುಕುತ್ತಿದ್ದ.

"ನನಗೆ ಕೇಳಿತ್ತು. ಆವತ್ತಿನ ಹಾಗೇ. ಸಣ್ಣಗೆ... 'ಉಹೂಂ.'

"ಏನ್ ಹೇಳ್ಲಿ ತಾಯಿ? ಹೋಗಲ್ಲ ಅಂತಾರೆ ಅಂದ್ರೆ ಈ ಮನುಷ್ಯ ಸಾಯೋವರೆಗೂ ಬಡೀತಾ ಕೂರ್ತಾನೆ. ಅವನ ಮುಖ ನೋಡ್ದೆ, ಎಲುಬಾಗಿದ್ದ. ಒಳ್ಳೇದಕ್ಕೇ ಅಂದ್ಕೊಂಡೆ. ತುಟಿ ಬಿಡಿಸಿ ಹೇಳ್ದೆ, 'ಹೂಂ ಅಂದ್ರು ಕಣಣ್ಣ.'

"ಒಂದು ಸಲ ಬಾಯಿ ಬಿಡಬೇಕಾದಾಗ ಬಿಡಲಿಲ್ಲ. ಇನ್ನೊಂದು ಸಲ ಬಿಟ್ಟೆ, ಸುಳ್ಳು ಹೇಳ್ದೆ. ಒಂದು 'ಉ' ಕಾರ ಕಣ್ರೋ... ಎರಡು ಸಲವೂ ಆ ಒಂದು 'ಉ' ಕಾರ ನುಂಗಿಕೊಂಡೋನು ನಾನು.

"ಅವನು ಟಾರ್ಪಾಲು ಹೊದಿಸಿ, ಅಂಚು ನಾಲ್ಕೂ ಕಡೆ ಒಳಕ್ಕೆ ಸಿಕ್ಕಿಸಿ, ಮಲಗಿದ ಮಗುಗೆ ಸಿಕ್ಕಿಸ್ತೀವಲ್ಲ ಹಾಗೆ, ಮನೆಗೆ ಹೋದ. ಮತ್ತೆ ಬರಲಿಲ್ಲ. ಹೋದಳಲ್ಲ, ಇನ್ನು ಇಲ್ಲೇನಿದೆ ಅಂತ. ಎರಡು ತಿಂಗಳಿಗೆ ಅವನೂ ತೀರಿಕೊಂಡ. ಅವನು ಹಾಗೆ ಮನೆಯಲ್ಲಿ ಗೋಡೆ ನೋಡ್ತಾ ಕೂತಿದ್ರೆ, ಇಲ್ಲಿ ಇವರು ಒಬ್ಬರೇ... ಕತ್ತಲಲ್ಲಿ, ಕೈ ಚಾಚಿಕೊಂಡು, ಈಗ ಹೊಡೀತಾರೆ, ಈಗ ಹೊಡೀತಾರೆ ಅಂತ... ಕಾಯ್ತಾ..." ಅಜ್ಜ ಕಣ್ಣೊರೆಸಿಕೊಂಡ. "ನೀನು ಹೆಣ್ಣುಮಗಳು. ನಿನಗೆ ಹೇಳಬೇಕಾ?"

ವೆಲ್ಡರಮ್ಮನಿಗೆ ಎದುರಿನ ಗಾಡಿಯ ಚಾವಣಿ ಕಾಣುತ್ತಿತ್ತು. ಆ ತಗ್ಗಿನಲ್ಲೂ ಒಂದು ತುರುಬಿಗೆ ಮೇಲೆ ನಾಲ್ಕು ಬೆರಳು ಬಿಟ್ಟಂಥ ಜಾಗ ಕಾಣುತ್ತಿತ್ತು.

"ಹಾಗಾದ್ರೆ ಅಜ್ಜ," ಅಂದ ಟೈರಿನವನು, ದನಿ ತಗ್ಗಿಸಿ, "ಈ ಹನಿ ಬಿದ್ದಾಗ..."

"ನೀನೇ ಹೇಳು. ಕಾಗದದಂಥ ತಗಡು, ಒಳಗೆ ಪೊಳ್ಳು. ಹನಿ ಬಿದ್ರೆ ಏನನ್ನಬೇಕು?"

"...ಡಬ್."

"ಅದಕ್ಕೇ ಮಳೆ ಬಂದ ದಿನವೆಲ್ಲ ಬರ್ತೀನಿ ನಾನು. ಆರು ವರ್ಷ ಆಯ್ತು. ಟಾರ್ಪಾಲಿನಲ್ಲೂ ಒಂದು ತೂತು ನಾನೇ ಮಾಡಿದ್ದೆ, ಹನಿ ತಗಡಿಗೇ ಬೀಳಲಿ ಅಂತ. ಬಿಟ್ಟು ಹೋಗಿದ್ದಾರಾ, ಇನ್ನೂ ಇದ್ದಾರಾ ಅಂತ ಕೇಳಿಸ್ಕೊಂಡು ಹೋಗ್ತೀನಿ. ಡಬ್ ಅಂದ ದಿನ ನೀನು ಧಾರಾಳವಾಗಿ ಕೊಯ್ಯಿ ತಾಯಿ, ನಾನೇ ಬಂದು ಅಂಚು ಹಿಡ್ಕೋತೀನಿ. ಅಲ್ಲೀವರೆಗೆ..."

ಫಕ್ಕನೆ ಕರೆಂಟು ಬಂತು. ಸ್ವಿಚ್ಚು ಆರಿಸುವುದನ್ನು ವೆಲ್ಡರಮ್ಮ ಮರೆತಿದ್ದಳು. ಗ್ರೈಂಡರು ಅವಳ ತೊಡೆಯಿಂದ ಚಂಗನೆ ಜಿಗಿದು ನೆಲದ ಮೇಲೆ ಕಿಡಿ ಕಾರುತ್ತಾ ಗಾಡಿಯ ಕಡೆಗೇ ಹರಿದಾಡಿತು. ಟೈರಿನವನು "ಅಯ್ಯೋ ಅಕ್ಕಾ!" ಅಂದು ಟ್ಯೂಬಿನ ರಾಶಿ ಹತ್ತಿದ. ಅವಳು ಗೋಡೆಗೆ ಹಾರಿ ಪ್ಲಗ್ಗನ್ನೇ ಕಿತ್ತಳು. ಗ್ರೈಂಡರು ಸುತ್ತಿ ಸುತ್ತಿ ಸುಸ್ತಾಗಿ, ಚಕ್ರಕ್ಕೆ ಒಂದು ಗೇಣು ದೂರದಲ್ಲಿ ನಿಂತಿತು.

ಅವಳು ಹೋಗಿ ಅದನ್ನು ಎತ್ತಿಕೊಳ್ಳಲಿಲ್ಲ. ಬಗ್ಗಿ, ಅಂಗೈಯಿಂದ, ತಗಡಿನ ಮೇಲಿದ್ದ ಸೀಮೆಸುಣ್ಣದ ಗೆರೆ ಅಳಿಸಿದಳು. ನುಣುಪಾಗಿತ್ತು ಪಕ್ಕೆ. ಯಜಮಾನನಿಗೆ ನಾಳೆ ಏನು ಹೇಳುವುದು ಅಂತ ಯೋಚಿಸುತ್ತಾ ಕೈಯನ್ನು ಹಾಗೇ ಇಟ್ಟಿದ್ದಳು. ಆಗ ಅವಳ ಅಂಗೈಯ ಪಕ್ಕದಲ್ಲೇ...

ಟಿಣ್.

ಅವಳು ಕೈ ನೋಡಿಕೊಂಡಳು. ಒದ್ದೆಯಾಗಿರಲಿಲ್ಲ. ತಲೆ ಎತ್ತಿ ಶೀಟಿನ ಮೊಳೆತೂತು ನೋಡಿದಳು. ಅದರೊಳಗಿಂದ ಸಂಜೆಯ ಬೆಳಕು ಒಂದು ದಾರದ ಹಾಗೆ ಇಳಿದಿತ್ತು. ಶೀಟಿನ ಮೇಲೆ ಸದ್ದಿಲ್ಲ. ಬೀದಿಯಲ್ಲಿ ಜನ ಕೊಡೆಯಿಲ್ಲದೆ ಓಡಾಡುತ್ತಿದ್ದರು.

"ಅಜ್ಜ," ಅಂದಳು ಅವಳು, "ಮಳೆ ನಿಂತಿದೆ."

"ನಿಂತು ಬಹಳ ಹೊತ್ತಾಯ್ತಲ್ಲ ಮಗಳೇ. ಅವನು ತೀರಿಕೊಂಡ ಅಂತ ಹೇಳ್ತಿದ್ನಲ್ಲ, ಆಗಲೇ ನಿಂತಿತು." ಅಜ್ಜ ಎದ್ದು, ಟಾರ್ಪಾಲಿನ ಒಂದು ತುದಿ ಅವಳ ಕೈಗೆ ಕೊಟ್ಟು ಇನ್ನೊಂದು ತುದಿ ತಾನು ಹಿಡಿದ. "ನನಗೂ ಮೊದಲು ಗೊತ್ತಾಗಿರಲಿಲ್ಲ. ಮಳೆ ನಿಂತ ಮೇಲೂ ಕೂತು ಕೇಳಿದ ದಿನ ಗೊತ್ತಾಯ್ತು, ಅತ್ತಿಗೆ ಯಾಕೆ ಉಹೂಂ ಅಂದ್ರು ಅಂತ."

ಟಿಣ್.

"ಒಳಗೆ ಡಾಲಿ ಹಿಡಿದಿರೋರು ಯಾರು ಅಂತ ನಾನು ಹೇಳ್ದೆ. ಹೊರಗಡೆ ನಮ್ಮ ಮಧ್ಯೆ ನಿಂತು ಸುತ್ತಿಗೆ ಹೊಡೀತಿರೋನು ಯಾರು ಅಂತ... ನೀವು ಹೇಳಿ ನೋಡೋಣ. ಲೋ ಟೈರು, ಸ್ವಲ್ಪ ಪಕ್ಕಕ್ಕೆ ಸರಿಯೋ. ಅಣ್ಣನ ಕೈಗೆ ಅಡ್ಡ ಬರಬೇಡ."